ಒಳಾಂಗಣ ರೋಯಿಂಗ್‌ಗೆ ಹಾರ್ಟ್ ರೇಟ್ ಮಾನಿಟರ್ ಆರಿಸುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ರೋಯಿಂಗ್ ಮೆಷಿನ್ ಮೇಲೆ ಕೂತು ಎಳೆಯುವಾಗ ಪರದೆ ತುಂಬ ಅಂಕಿಗಳೇ. 500 ಮೀಟರ್‌ಗೆ ಎಷ್ಟು ಸಮಯ, ಎಷ್ಟು ವಾಟ್, ನಿಮಿಷಕ್ಕೆ ಎಷ್ಟು ಸ್ಟ್ರೋಕ್. ಇವೆಲ್ಲ ನೀವು ಮೆಷಿನ್‌ಗೆ ಏನು ಕೊಟ್ಟಿರಿ ಅನ್ನೋದನ್ನು ಹೇಳುತ್ತವೆ. ಅದಕ್ಕಾಗಿ ನಿಮ್ಮ ಮೈ ಎಷ್ಟು ದುಡಿಯಿತು ಅನ್ನೋದು ಅವುಗಳಲ್ಲಿ ಇಲ್ಲ. ನಿನ್ನೆ ಸಲೀಸಾಗಿ ಬಂದ ವೇಗ ಇವತ್ತು ನಿದ್ದೆ ಕಮ್ಮಿಯಾಗಿದ್ದರೆ ಭಾರವಾಗುತ್ತದೆ. ಪರದೆಯ ಅಂಕಿ ಅದೇ ಇರುತ್ತದೆ, ಹೃದಯ ಮಾತ್ರ ಬೇರೆ ಕಥೆ ಹೇಳುತ್ತಿರುತ್ತದೆ. ಆ ಕಥೆ ಕೇಳಿಸಬೇಕಾದರೆ ಹಾರ್ಟ್ ರೇಟ್ ಮಾನಿಟರ್ ಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರೋಯಿಂಗ್‌ಗೆ ಮೊದಲ ಆಯ್ಕೆ ಬ್ಲೂಟೂತ್ ಮತ್ತು ಆಂಟ್ ಪ್ಲಸ್ (ANT+) ಎಂಬ ಎರಡೂ ವೈರ್‌ಲೆಸ್ ಸಂಪರ್ಕ ಇರುವ ಎದೆಪಟ್ಟಿ. ಎದೆಪಟ್ಟಿ ಆಗಿಬರದವರಿಗೆ ಮೇಲ್ತೋಳಿಗೆ ಕಟ್ಟುವ ಆಪ್ಟಿಕಲ್, ಅಂದರೆ ಬೆಳಕಿನಿಂದ ಅಳೆಯುವ, ಪಟ್ಟಿ. ಮಣಿಕಟ್ಟಿನ ವಾಚ್ ಕೊನೆಯದು. ಓಟಕ್ಕೆ ಚೆನ್ನಾಗಿ ಕೆಲಸ ಮಾಡುವ ವಾಚ್ ಇಲ್ಲಿ ಯಾಕೆ ಕೈಕೊಡುತ್ತದೆ, ನಿಮ್ಮ ಮಟ್ಟಿಗೆ ಈ ಕ್ರಮ ಯಾವಾಗ ಬದಲಾಗಬಹುದು, ಕೊಂಡ ಮೇಲೆ ಪರೀಕ್ಷೆ ಮಾಡುವುದು ಹೇಗೆ, ಎಲ್ಲವನ್ನೂ ಒಂದೊಂದಾಗಿ ನೋಡೋಣ.

ಹಂತ 1: ನಿಮ್ಮ ಮೆಷಿನ್ ಯಾವ ಭಾಷೆ ಕೇಳಿಸಿಕೊಳ್ಳುತ್ತದೆ?

ಬಹಳ ಜನ ಮೊದಲು ಪಟ್ಟಿ ಕೊಂಡು, ಆಮೇಲೆ ಅದು ಮೆಷಿನ್‌ಗೆ ಸೇರುತ್ತಾ ಅಂತ ನೋಡುತ್ತಾರೆ. ಇದನ್ನು ತಿರುಗಿಸಿ ಮಾಡಿ. ಬಡಿತ ಕಾಣಬೇಕಾದದ್ದು ಎಳೆಯುವಾಗ ಕಣ್ಣೆದುರಿಗಿರುವ ಪರದೆಯಲ್ಲಿ. ರೋಯಿಂಗ್‌ನಲ್ಲಿ ಎರಡು ಕೈಗೂ ಹ್ಯಾಂಡಲ್ ಹಿಡಿಯುವ ಕೆಲಸ. ಓಡುವವರ ಹಾಗೆ ಮಣಿಕಟ್ಟು ತಿರುಗಿಸಿ ನೋಡಲು ಆಗುವುದಿಲ್ಲ. ಹಾಗಾಗಿ ಮೆಷಿನ್‌ನ ಮಾನಿಟರ್ ಯಾವ ರೇಡಿಯೋ ಸಂಕೇತ ಹಿಡಿಯುತ್ತದೆ ಅನ್ನೋದೇ ಮೊದಲ ಪ್ರಶ್ನೆ.

ಇಂಥ ಸಂಕೇತಗಳು ಮೂರು ಬಗೆ.

ಹಳೆಯದು 5 ಕಿಲೋಹರ್ಟ್ಸ್. ಫಿನ್ಲೆಂಡ್‌ನ ಪೋಲಾರ್ ಕಂಪನಿ 1982ರಲ್ಲಿ ಮೈಮೇಲೆ ಧರಿಸುವ ಮೊದಲ ವೈರ್‌ಲೆಸ್ ಹಾರ್ಟ್ ರೇಟ್ ಮಾನಿಟರ್ ತಂದಿತು. ಆ ಪರಂಪರೆಯ ಸಂಕೇತ ಇದು. ಸುಮಾರು ಒಂದು ಮೀಟರ್ ದೂರದವರೆಗೆ ಮಾತ್ರ ಮುಟ್ಟುತ್ತದೆ. ಇಬ್ಬರು ಅಕ್ಕಪಕ್ಕ ಕೂತರೆ ಒಬ್ಬರ ಬಡಿತ ಇನ್ನೊಬ್ಬರ ಪರದೆಗೆ ಹೋಗುವುದೂ ಉಂಟು. ಜಿಮ್‌ಗಳ ಹಳೆಯ ಯಂತ್ರಗಳಲ್ಲಿ ಇನ್ನೂ ಇದೇ ಇರಬಹುದು.

ಎರಡನೆಯದು ಆಂಟ್ ಪ್ಲಸ್. ಇದು ಪ್ರಸಾರದ ಬಗೆ. ಪಟ್ಟಿ ತನ್ನ ಪಾಡಿಗೆ ಅಂಕಿ ಕಳಿಸುತ್ತಿರುತ್ತದೆ, ಎಷ್ಟು ಸಾಧನಗಳಾದರೂ ಒಟ್ಟಿಗೆ ಕೇಳಬಹುದು.

ಮೂರನೆಯದು ಬ್ಲೂಟೂತ್. ಇದು ಜೋಡಿ ಕಟ್ಟುತ್ತದೆ. ಹಳೆಯ ಪಟ್ಟಿಗಳು ಒಂದೇ ಸಾಧನದ ಜೊತೆ ಸೇರುತ್ತವೆ. ಹೊಸವುಗಳಲ್ಲಿ ಕೆಲವು ಒಮ್ಮೆಗೆ ಎರಡರ ಜೊತೆ ಸೇರುತ್ತವೆ. ಫೋನ್ ಜೊತೆ ಸೇರಿಕೊಂಡ ಪಟ್ಟಿ ಮೆಷಿನ್‌ಗೆ ಕಾಣದೇ ಹೋಗುವುದು ಇದರಿಂದಲೇ.

ಕಾನ್ಸೆಪ್ಟ್2 ರೋಯರ್‌ನ ಪಿಎಂ5 ಮಾನಿಟರ್ ಬ್ಲೂಟೂತ್ ಮತ್ತು ಆಂಟ್ ಪ್ಲಸ್ ಎರಡನ್ನೂ ಹಿಡಿಯುತ್ತದೆ. ಅದಕ್ಕಿಂತ ಹಿಂದಿನ ಪಿಎಂ3, ಪಿಎಂ4 ಮಾನಿಟರ್‌ಗಳಲ್ಲಿ ಬ್ಲೂಟೂತ್ ಇಲ್ಲ. ಬೇರೆ ಕಂಪನಿಗಳ ಮೆಷಿನ್ ಆದರೆ ಕೈಪಿಡಿಯಲ್ಲಿ ಹಾರ್ಟ್ ರೇಟ್ ಅಂತಿರುವ ಪುಟ ತೆರೆದು ನೋಡಿ. ಅಲ್ಲಿ ಸುಮ್ನೆ ‘ಬ್ಲೂಟೂತ್ ಇದೆ’ ಅಂತ ಬರೆದಿದ್ದರೆ ಸಾಲದು. ಎಷ್ಟೋ ಮೆಷಿನ್‌ಗಳ ಬ್ಲೂಟೂತ್ ಫೋನ್‌ಗೆ ಮಾಹಿತಿ ಕಳಿಸಲು ಮಾತ್ರ ಇರುತ್ತದೆ, ಹೊರಗಿನ ಪಟ್ಟಿಯನ್ನು ಕೇಳಿಸಿಕೊಳ್ಳುವುದಿಲ್ಲ. ‘ಹೊರಗಿನ ಹಾರ್ಟ್ ರೇಟ್ ಪಟ್ಟಿ ಸೇರಿಸಬಹುದು’ ಅಂತ ಸ್ಪಷ್ಟವಾಗಿ ಇರಬೇಕು.

ಮೆಷಿನ್ ಏನನ್ನೂ ಕೇಳಿಸಿಕೊಳ್ಳುವುದಿಲ್ಲ ಅಂತಾದರೂ ಚಿಂತೆಯಿಲ್ಲ. ಬ್ಲೂಟೂತ್ ಪಟ್ಟಿ, ಒಂದು ಫೋನ್, ಫೋನ್ ನಿಲ್ಲಿಸಲು ಒಂದು ಸ್ಟ್ಯಾಂಡ್ ಇದ್ದರೆ ಕೆಲಸ ನಡೆಯುತ್ತದೆ.

ಹಂತ 2: ಮೈಯ ಯಾವ ಜಾಗ?

ಆಯ್ಕೆಯ ತಿರುಳು ಇಲ್ಲಿದೆ. ಒಂದು ಸ್ಟ್ರೋಕ್‌ನಲ್ಲಿ ಮೈ ಏನು ಮಾಡುತ್ತದೆ ಅಂತ ನೆನಪಿಸಿಕೊಳ್ಳಿ. ಮುಂದೆ ಹೋದಾಗ ಮಂಡಿ ಮಡಚಿ, ಸೊಂಟದಿಂದ ಬಾಗಿ, ಕೈ ಪೂರ್ತಿ ಚಾಚಿರುತ್ತದೆ. ಕಾಲು ಒತ್ತಿ ಹಿಂದೆ ಬಂದು ಹ್ಯಾಂಡಲ್ ಅನ್ನು ಎದೆಯ ಕೆಳಭಾಗಕ್ಕೆ ಎಳೆಯುತ್ತೀರಿ. ಬೆರಳುಗಳ ಹಿಡಿತ ಬಿಡುವುದೇ ಇಲ್ಲ. ಇದು ನಿಮಿಷಕ್ಕೆ 18ರಿಂದ 30 ಸಲ, ಮುಕ್ಕಾಲು ಗಂಟೆ ನಡೆಯಬಹುದು.

*ಎದೆಪಟ್ಟಿ.* ಇದು ಬೆಳಕಿನಿಂದ ಅಳೆಯುವುದಿಲ್ಲ. ಹೃದಯ ಬಡಿಯುವಾಗ ಚರ್ಮದ ಮೇಲೆ ಹುಟ್ಟುವ ಪುಟ್ಟ ವಿದ್ಯುತ್ ಸಂಕೇತವನ್ನು ಎರಡು ಎಲೆಕ್ಟ್ರೋಡ್‌ಗಳು ಹಿಡಿಯುತ್ತವೆ. ಇಸಿಜಿ ಯಂತ್ರ ಹಿಡಿಯುವುದೂ ಇದನ್ನೇ. ತೋಳು, ಮಣಿಕಟ್ಟು ಏನೇ ಮಾಡಲಿ, ಎದೆಯ ಸಂಕೇತಕ್ಕೆ ಅಷ್ಟು ತೊಂದರೆಯಿಲ್ಲ. ಬಡಿತ ಏರಿದರೆ, ಇಳಿದರೆ ತಕ್ಷಣ ಗೊತ್ತಾಗುತ್ತದೆ. ಒಂದೊಂದು ನಿಮಿಷದ ಜೋರು ಇಂಟರ್ವಲ್ (ನಡುನಡುವೆ ಹಗುರ ಮಾಡಿ ಮತ್ತೆ ಜೋರು ಎಳೆಯುವುದು) ಮಾಡುವವರಿಗೆ ಇದು ದೊಡ್ಡ ಲಾಭ.

ರೋಯಿಂಗ್‌ನಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಹ್ಯಾಂಡಲ್ ಬಂದು ನಿಲ್ಲುವ ಜಾಗಕ್ಕೂ ಪಟ್ಟಿಯ ಪಾಡ್ (ಪಟ್ಟಿಗೆ ಸಿಕ್ಕಿಸುವ ಪುಟ್ಟ ಎಲೆಕ್ಟ್ರಾನಿಕ್ ಡಬ್ಬಿ) ಕೂರುವ ಜಾಗಕ್ಕೂ ಅಂತರ ಕಮ್ಮಿ. ಎಳೆತ ಸ್ವಲ್ಪ ಮೇಲಾದರೆ ಹ್ಯಾಂಡಲ್ ಪಾಡ್‌ಗೆ ತಾಗುತ್ತದೆ. ತೆಳು ಪಾಡ್ ಇದ್ದರೆ ಒಳ್ಳೆಯದು. ಹ್ಯಾಂಡಲ್ ಪಕ್ಕೆಲುಬಿನ ಕೆಳ ಅಂಚಿಗೆ ಬರುವ ಹಾಗೆ ಎಳೆಯುವುದನ್ನು ರೂಢಿಸಿಕೊಂಡರೆ ಇನ್ನೂ ಒಳ್ಳೆಯದು. ಬಹಳ ಎತ್ತರಕ್ಕೆ ಎಳೆಯುವುದು ಹೇಗೂ ಸರಿಯಾದ ತಂತ್ರವಲ್ಲ.

*ತೋಳುಪಟ್ಟಿ.* ಇದು ಹಸಿರು ಬೆಳಕು ಬಿಟ್ಟು, ಚರ್ಮದಡಿ ರಕ್ತ ಹರಿಯುವಾಗ ವಾಪಸ್ ಬರುವ ಬೆಳಕಿನ ಏರಿಳಿತದಿಂದ ಬಡಿತ ಲೆಕ್ಕ ಹಾಕುತ್ತದೆ. ಮುಂಗೈಗೆ ಕಟ್ಟಿದರೆ ಹ್ಯಾಂಡಲ್ ಹಿಡಿಯುವ ಸ್ನಾಯುಗಳು ಅಲ್ಲಿಯೇ ಬಿಗಿಯಾಗಿ ಅಳತೆ ಕೆಡಬಹುದು. ಮೇಲ್ತೋಳಿನಲ್ಲಿ, ಮೊಣಕೈಗಿಂತ ಸಾಕಷ್ಟು ಮೇಲೆ ಕಟ್ಟಿದರೆ ಫಲಿತಾಂಶ ಚೆನ್ನಾಗಿರುತ್ತದೆ. ಎದೆಪಟ್ಟಿಯ ಬಿಗಿತ ಸಹಿಸಲಾಗದವರಿಗೆ, ಎದೆಯ ಚರ್ಮ ತುರಿಸುವವರಿಗೆ, ಸ್ಪೋರ್ಟ್ಸ್ ಬ್ರಾ ಅಂಚಿನ ಜೊತೆ ಪಟ್ಟಿ ಸಿಕ್ಕಿ ಒತ್ತುವವರಿಗೆ ಇದು ನಿಜವಾಗಿ ಒಳ್ಳೆಯ ಆಯ್ಕೆ. ಇದನ್ನು ಎರಡನೇ ದರ್ಜೆ ಅಂತ ನೋಡಬೇಕಿಲ್ಲ. ನಿಧಾನದ ದೀರ್ಘ ಅಭ್ಯಾಸಕ್ಕೆ ಇದು ಪೂರ್ತಿ ಸಾಕು. ಏಕಾಏಕಿ ಬಡಿತ ಏರುವಾಗ ಮಾತ್ರ ಕೆಲವು ಸೆಕೆಂಡು ಹಿಂದೆ ಬೀಳಬಹುದು.

*ಮಣಿಕಟ್ಟಿನ ವಾಚ್.* ಇದೂ ಬೆಳಕಿನದ್ದೇ, ಆದರೆ ಜಾಗ ಕಷ್ಟದ್ದು. ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ ಮಣಿಕಟ್ಟಿನ ಸ್ನಾಯುರಜ್ಜುಗಳು ಉಬ್ಬಿ ವಾಚ್‌ನ ತಳವನ್ನು ಮೇಲೆತ್ತುತ್ತವೆ. ಪ್ರತಿ ಸ್ಟ್ರೋಕ್‌ನ ಕೊನೆಯಲ್ಲಿ ಮಣಿಕಟ್ಟು ಸ್ವಲ್ಪ ಬಾಗುತ್ತದೆ. ಸಂದಿಯಲ್ಲಿ ಹೊರಗಿನ ಬೆಳಕು ನುಗ್ಗುತ್ತದೆ. ಆಗ ವಾಚ್ ಚಲನೆಯನ್ನೂ ರಕ್ತದ ಹರಿವನ್ನೂ ಗೊಂದಲ ಮಾಡಿಕೊಂಡು, 155 ತೋರಿಸಬೇಕಾದ ಕಡೆ 110 ತೋರಿಸುವುದೂ ಉಂಟು. ಚಳಿಯಲ್ಲಿ ಕೈಯ ರಕ್ತನಾಳಗಳು ಕುಗ್ಗಿರುವಾಗ, ಅಥವಾ ಆ ಜಾಗದಲ್ಲಿ ಗಾಢ ಬಣ್ಣದ ಹಚ್ಚೆ ಇದ್ದಾಗ ಇನ್ನೂ ಕಷ್ಟ.

ಈಗಾಗಲೇ ವಾಚ್ ಇದೆ, ಹೊಸದು ಕೊಳ್ಳುವ ಮೊದಲು ಅದನ್ನೇ ನೋಡೋಣ ಅನ್ನುವವರು ಧಾರಾಳವಾಗಿ ನೋಡಿ. ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ, ಬಿಗಿಯಾಗಿ ಕಟ್ಟಿ. ಗಾರ್ಮಿನ್‌ನ ಅನೇಕ ವಾಚ್‌ಗಳಲ್ಲಿ ಬಡಿತವನ್ನು ಹೊರಗೆ ಪ್ರಸಾರ ಮಾಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿದರೆ ಮೆಷಿನ್ ಹಿಡಿಯುತ್ತದೆ. ಆಪಲ್ ವಾಚ್ ತಾನಾಗಿಯೇ ಹಾಗೆ ಪ್ರಸಾರ ಮಾಡುವುದಿಲ್ಲ, ನಡುವೆ ಒಂದು ಆಪ್ ಬೇಕಾಗುತ್ತದೆ. ಹಂತ 6ರ ಪರೀಕ್ಷೆಯಲ್ಲಿ ವಾಚ್ ಪಾಸಾದರೆ ಬೇರೆ ಏನೂ ಕೊಳ್ಳಬೇಕಿಲ್ಲ.

ಕೆಲವು ಮೆಷಿನ್‌ಗಳ ಜೊತೆ ಕಿವಿಗೆ ಸಿಕ್ಕಿಸುವ ಕ್ಲಿಪ್ ಬರುತ್ತದೆ. ಹಿಂದೆ ಮುಂದೆ ಜಾರುವ ಸೀಟಿನಲ್ಲಿ ಅದರ ವೈರ್ ತೂಗಾಡುತ್ತದೆ. ಅದನ್ನು ನಂಬಿ ಅಭ್ಯಾಸ ಮಾಡಬೇಡಿ.

ಹಂತ 3: ಡಬ್ಬಿಯ ಮೇಲೆ ಏನು ಓದಬೇಕು

ಉದಾಹರಣೆಗೆ ಪೋಲಾರ್ ಎಚ್10 ನೋಡಿ. ಬ್ಲೂಟೂತ್‌ನಲ್ಲಿ ಎರಡು ಜೋಡಣೆ, ಆಂಟ್ ಪ್ಲಸ್, ಹಳೆಯ 5 ಕಿಲೋಹರ್ಟ್ಸ್, ಮೂರೂ ಇವೆ. ಸಿಆರ್2025 ಬಟನ್ ಸೆಲ್ ಸುಮಾರು 400 ಗಂಟೆ ಬರುತ್ತದೆ ಅಂತ ಕಂಪನಿ ಹೇಳುತ್ತದೆ. ಒಂದು ಅಭ್ಯಾಸವನ್ನು ಪಾಡ್‌ನೊಳಗೇ ಉಳಿಸಿಕೊಳ್ಳುವ ಸಣ್ಣ ಮೆಮೊರಿಯೂ ಇದೆ. ಎಚ್9ರಲ್ಲಿ ಮೆಮೊರಿ ಇಲ್ಲ, ಬ್ಲೂಟೂತ್ ಜೋಡಣೆ ಒಂದೇ. ಮೆಷಿನ್ ಪರದೆಯಲ್ಲಿ ಅಂಕಿ ಕಂಡರೆ ಸಾಕು ಅನ್ನುವವರಿಗೆ ಅಷ್ಟೇ ಸಾಕು. ಗಾರ್ಮಿನ್‌ನ ಎಚ್‌ಆರ್‌ಎಂ ಡ್ಯುಯಲ್ ಆಂಟ್ ಪ್ಲಸ್ ಜೊತೆಗೆ ಎರಡು ಬ್ಲೂಟೂತ್ ಜೋಡಣೆ ಕೊಡುತ್ತದೆ. ತೋಳುಪಟ್ಟಿಗಳಲ್ಲಿ ಪೋಲಾರ್ ವೆರಿಟಿ ಸೆನ್ಸ್ ಹೆಸರು ಹೆಚ್ಚು ಕೇಳಿಬರುತ್ತದೆ. ಅದರಲ್ಲೂ ಬ್ಲೂಟೂತ್ ಮತ್ತು ಆಂಟ್ ಪ್ಲಸ್ ಎರಡಿವೆ, ಚಾರ್ಜ್ ಮಾಡಿ ಬಳಸಬೇಕು.

ಇವೇ ಬೇಕು ಅಂತಲ್ಲ. ಬೇರೆ ಕಂಪನಿಗಳ ಪಟ್ಟಿಗಳಲ್ಲೂ ಕೆಲಸಕ್ಕೆ ಬರುವವು ಬೇಕಾದಷ್ಟಿವೆ. ನಾನು ನೋಡುವುದು ನಾಲ್ಕೇ ವಿಷಯ: ಎರಡೂ ರೇಡಿಯೋ ಇದೆಯಾ, ಬ್ಯಾಟರಿ ನಾವೇ ಬದಲಿಸಬಹುದಾ, ಪಾಡ್ ಬಿಚ್ಚಿ ಬಟ್ಟೆಯ ಪಟ್ಟಿ ತೊಳೆಯಬಹುದಾ, ಪಟ್ಟಿ ಹಳೆಯದಾದರೆ ಅದೊಂದೇ ಬೇರೆಯಾಗಿ ಸಿಗುತ್ತಾ. ಕೊನೆಯದನ್ನು ಜನ ಮರೆಯುತ್ತಾರೆ. ಎಲೆಕ್ಟ್ರಾನಿಕ್ ಪಾಡ್ ವರ್ಷಗಟ್ಟಲೆ ಬಾಳುತ್ತದೆ, ಬೆವರು ಕುಡಿದ ಬಟ್ಟೆ ಅಷ್ಟು ಬಾಳುವುದಿಲ್ಲ.

ಓಟದ ಹೆಜ್ಜೆ ಎಣಿಸುವುದು, ಪಾದ ನೆಲ ತಾಗುವ ಸಮಯ ಅಳೆಯುವುದು, ಇಂಥ ಸೌಲಭ್ಯಗಳಿಗಾಗಿ ಜಾಸ್ತಿ ಹಣ ಕೇಳುವ ಪಟ್ಟಿಗಳಿವೆ. ರೋಯಿಂಗ್ ಒಂದೇ ನಿಮ್ಮ ಉದ್ದೇಶವಾದರೆ ಅವು ಬೇಡ.

ಹಂತ 4: ಸರಿಯಾಗಿ ಕಟ್ಟಿಕೊಳ್ಳಿ

‘ಪಟ್ಟಿ ಕೆಟ್ಟಿದೆ’ ಅನ್ನುವ ದೂರುಗಳಲ್ಲಿ ಬಹುಪಾಲು ಕಟ್ಟುವುದರಲ್ಲೇ ಮುಗಿಯುತ್ತವೆ. ಎದೆಯ ಸ್ನಾಯು ಮುಗಿಯುವ ಕಡೆ, ಅದರ ಕೆಳಗೆ ಪಟ್ಟಿ ಕೂರಬೇಕು. ಸ್ಪೋರ್ಟ್ಸ್ ಬ್ರಾ ಹಾಕುವವರು ಅದರ ಅಂಚಿನ ಕೆಳಗೆ, ಚರ್ಮಕ್ಕೆ ನೇರವಾಗಿ ತಾಗುವ ಹಾಗೆ ಕಟ್ಟಿ. ಎಲೆಕ್ಟ್ರೋಡ್ ಇರುವ ಭಾಗವನ್ನು ಮೊದಲು ನೀರಿನಿಂದ ಚೆನ್ನಾಗಿ ಒದ್ದೆ ಮಾಡಿ. ಒಣ ಚರ್ಮ, ಒಣ ಪಟ್ಟಿ ಎರಡೂ ಸೇರಿದರೆ ಮೊದಲ ಐದು ನಿಮಿಷ, ಅಂದರೆ ಬೆವರು ಬರುವವರೆಗೆ, ಹುಚ್ಚು ಅಂಕಿಗಳು ಬರುತ್ತವೆ. ಚರ್ಮ ತುಂಬಾ ಒಣಗುವವರಿಗೆ ಎಲೆಕ್ಟ್ರೋಡ್ ಜೆಲ್ ಸಹಾಯ ಮಾಡುತ್ತದೆ.

ಬಿಗಿತ ನೋಡುವುದನ್ನು ನಿಂತುಕೊಂಡು ಮಾಡಬೇಡಿ. ಮೆಷಿನ್ ಮೇಲೆ ಕೂತು, ಪೂರ್ತಿ ಮುಂದೆ ಬಾಗಿ, ಆಳವಾಗಿ ಉಸಿರೆಳೆದು, ಹಿಂದಕ್ಕೆ ಬಂದು ನೋಡಿ. ಮುಂದೆ ಬಾಗಿದಾಗ ಪಟ್ಟಿ ಸಡಿಲವಾಗಿ ಕೆಳಗೆ ಸರಿದರೆ ಒಂದು ಹಿಡಿ ಬಿಗಿ ಮಾಡಿ. ಉಸಿರಾಟಕ್ಕೆ ತಡೆಯಾದರೆ ಸಡಿಲಿಸಿ. ಗಾಳಿ ಒಣಗಿರುವ ದಿನಗಳಲ್ಲಿ ಸಿಂಥೆಟಿಕ್ ಅಂಗಿ ಉಜ್ಜಿ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಅದೂ ಸಂಕೇತ ಕೆಡಿಸುತ್ತದೆ. ಆಗ ಹತ್ತಿ ಅಂಗಿ ಹಾಕಿ, ಇಲ್ಲವೇ ಮೈಗೆ ಅಂಟಿಕೊಳ್ಳುವಂಥದ್ದು ಹಾಕಿ.

ಹಂತ 5: ಜೋಡಿಸುವುದು

ಪಟ್ಟಿ ಕಟ್ಟಿಕೊಂಡ ಮೇಲೆಯೇ ಪಾಡ್ ಎಚ್ಚರಗೊಳ್ಳುತ್ತದೆ. ಮೇಜಿನ ಮೇಲಿಟ್ಟು ಹುಡುಕಿದರೆ ಸಿಗುವುದಿಲ್ಲ. ಮೆಷಿನ್ ಆನ್ ಮಾಡಿ, ಮೆನುವಿನಲ್ಲಿ ಹಾರ್ಟ್ ರೇಟ್ ಜೋಡಿಸುವ ಆಯ್ಕೆಗೆ ಹೋಗಿ. ಪರದೆಯಲ್ಲಿ ಸುತ್ತಮುತ್ತಲಿನ ಪಟ್ಟಿಗಳ ಗುರುತು ಕಾಣುತ್ತದೆ. ಜಿಮ್‌ನಲ್ಲಾದರೆ ಐದಾರು ಕಾಣಬಹುದು. ನಿಮ್ಮ ಪಾಡ್‌ನ ಹಿಂದೆ ಮುದ್ರಿಸಿರುವ ಗುರುತಿನ ಸಂಖ್ಯೆ ನೋಡಿ ಸರಿಯಾದದ್ದನ್ನು ಆರಿಸಿ. ಪಕ್ಕದವರ ಬಡಿತ ನೋಡಿಕೊಂಡು ಅಭ್ಯಾಸ ಮಾಡುವುದು ಯಾರಿಗೂ ಬೇಡ, ಅಲ್ವಾ?

ಕಾಣದಿದ್ದರೆ ಮೊದಲು ಫೋನ್‌ನ ಬ್ಲೂಟೂತ್ ಆಫ್ ಮಾಡಿ ಮತ್ತೆ ಹುಡುಕಿ. ಬಹಳ ಸಲ ಹಿಂದಿನ ಆಪ್ ಒಂದು ಪಟ್ಟಿಯನ್ನು ಹಿಡಿದುಕೊಂಡು ಕೂತಿರುತ್ತದೆ. ಆಪ್ ಬಳಸುವವರು ಫೋನ್‌ನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಪಟ್ಟಿ ಜೋಡಿಸಬೇಡಿ, ಆಪ್ ಒಳಗಿಂದಲೇ ಜೋಡಿಸಿ. ಪಿಎಂ5 ಬಳಸುವವರಿಗೆ ಇನ್ನೊಂದು ಸುಲಭ ದಾರಿ ಇದೆ. ಪಟ್ಟಿಯನ್ನು ಪಿಎಂ5ಗೆ ಸೇರಿಸಿ, ಪಿಎಂ5 ಅನ್ನು ಕಾನ್ಸೆಪ್ಟ್2ದೇ ಆದ ಎರ್ಗ್‌ಡೇಟಾ ಆಪ್‌ಗೆ ಸೇರಿಸಿ. ಬಡಿತವೂ ಅಭ್ಯಾಸದ ಜೊತೆಗೇ ದಾಖಲಾಗುತ್ತದೆ.

ಹಂತ 6: ನಂಬುವ ಮೊದಲು ಪರೀಕ್ಷಿಸಿ

ಇದನ್ನು ದಯವಿಟ್ಟು ಬಿಡಬೇಡಿ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಮಾಡಿ. ಅರ್ಧ ಗಂಟೆಯೂ ಬೇಡ.

ಐದು ನಿಮಿಷ ಹಗುರವಾಗಿ, ನಿಮಿಷಕ್ಕೆ 18ರಿಂದ 20 ಸ್ಟ್ರೋಕ್ ಎಳೆಯಿರಿ. ಬಡಿತ ಮೆಲ್ಲಗೆ ಏರಿ ಒಂದು ಕಡೆ ನಿಲ್ಲಬೇಕು. ನಂತರ ಒಂದು ನಿಮಿಷ ಜೋರು, ಎರಡು ನಿಮಿಷ ಹಗುರ, ಹೀಗೆ ಮೂರು ಸಲ. ಜೋರು ಶುರುವಾದ ಸ್ವಲ್ಪ ಹೊತ್ತಿನಲ್ಲೇ ಅಂಕಿ ಏರತೊಡಗಬೇಕು, ಹಗುರವಾದಾಗ ಇಳಿಯಬೇಕು. ಮೂರು ಸಲವೂ ರೇಖೆಯ ಆಕಾರ ಹೆಚ್ಚುಕಮ್ಮಿ ಒಂದೇ ಥರ ಇರಬೇಕು.

ಮೂರನೆಯದು ಮುಗಿದ ಕೂಡಲೇ ಹ್ಯಾಂಡಲ್ ಇಟ್ಟು, ಕುತ್ತಿಗೆಯ ಒಂದು ಪಕ್ಕದಲ್ಲಿ ಎರಡು ಬೆರಳು ಹಗುರವಾಗಿ ಇಟ್ಟು ನಾಡಿ ಎಣಿಸಿ. 15 ಸೆಕೆಂಡಿನ ಎಣಿಕೆಯನ್ನು ನಾಲ್ಕರಿಂದ ಗುಣಿಸಿ. ಆ ಹೊತ್ತಿಗೆ ಪರದೆಯಲ್ಲಿದ್ದ ಅಂಕಿಗೆ ಇದು ಹತ್ತಿರ ಇರಬೇಕು. ಒಂದು ಬಡಿತ ತಪ್ಪಿ ಎಣಿಸಿದರೂ ನಾಲ್ಕರ ವ್ಯತ್ಯಾಸ ಬರುತ್ತದೆ, ಸಣ್ಣ ಅಂತರಕ್ಕೆ ಗಾಬರಿ ಬೇಡ. ಇಪ್ಪತ್ತು ಮೂವತ್ತರ ಅಂತರ ಬಂದರೆ ಏನೋ ತಪ್ಪಿದೆ.

ಶುರುವಿನಲ್ಲೇ 200 ದಾಟಿ ಕುಣಿದರೆ ಎಲೆಕ್ಟ್ರೋಡ್ ಒಣಗಿದೆ, ಇಲ್ಲವೇ ಅಂಗಿ ಉಜ್ಜುತ್ತಿದೆ. ಶ್ರಮ ಬದಲಾದರೂ ಅಂಕಿ ಅಲ್ಲಾಡದಿದ್ದರೆ ಸಂಕೇತ ಸಿಗುತ್ತಿಲ್ಲ, ಮೆಷಿನ್ ಹಳೆಯದನ್ನೇ ತೋರಿಸುತ್ತಿದೆ. ಆಗಾಗ ಅಂಕಿ ಮಾಯವಾದರೆ ಬ್ಯಾಟರಿ ನೋಡಿ, ಆಮೇಲೆ ಪಟ್ಟಿಯ ಬಿಗಿತ ನೋಡಿ. ಏದುಸಿರು ಬರುತ್ತಿರುವಾಗ ಬೆಳಕಿನ ಸೆನ್ಸರ್ 100ರ ಆಸುಪಾಸು ತೋರಿಸಿದರೆ ಜಾಗ ಬದಲಿಸಿ ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಇದ್ದರೆ ವಾಪಸ್ ಕೊಡಿ.

ಹಂತ 7: ಅಂಕಿಯನ್ನು ಬಳಸುವುದು

ವಲಯಗಳನ್ನು, ಅಂದರೆ ಹಗುರ, ಮಧ್ಯಮ, ಜೋರು ಶ್ರಮಕ್ಕೆ ತಕ್ಕ ಬಡಿತದ ಮಿತಿಗಳನ್ನು, ಲೆಕ್ಕ ಹಾಕಲು ಗರಿಷ್ಠ ಬಡಿತ ಬೇಕು. 220ರಿಂದ ವಯಸ್ಸು ಕಳೆಯುವ ಸೂತ್ರ ಎಲ್ಲರಿಗೂ ಗೊತ್ತು. 2001ರಲ್ಲಿ ತನಕಾ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರ 208ರಿಂದ ವಯಸ್ಸಿನ 0.7 ಪಾಲು ಕಳೆಯುತ್ತದೆ. 40 ವಯಸ್ಸಿಗೆ ಎರಡೂ 180 ಕೊಡುತ್ತವೆ. 60ಕ್ಕೆ ಮೊದಲನೆಯದು 160, ಎರಡನೆಯದು 166. ಎರಡೂ ಸರಾಸರಿಯ ಮಾತು. ಒಬ್ಬೊಬ್ಬರ ಗರಿಷ್ಠ ಇದಕ್ಕಿಂತ ಹತ್ತು ಬಡಿತ ಆಚೀಚೆ ಇರುವುದು ಸಾಮಾನ್ಯ. ಜೊತೆಗೆ, ಕೂತು ಮಾಡುವ ವ್ಯಾಯಾಮವಾದ್ದರಿಂದ ರೋಯಿಂಗ್‌ನಲ್ಲಿ ಮುಟ್ಟುವ ಗರಿಷ್ಠ ಬಡಿತ ಓಟಕ್ಕಿಂತ ಕೆಲವು ಬಡಿತ ಕಮ್ಮಿ ಇರುವುದುಂಟು. ಓಟದಿಂದ ತಂದ ವಲಯಗಳನ್ನು ಹಾಗೇ ಇಲ್ಲಿ ಕೂರಿಸಬೇಡಿ.

ವಿಶ್ರಾಂತಿಯ ಬಡಿತವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಇನ್ನೂ ಸರಿಯಾಗುತ್ತದೆ. ಗರಿಷ್ಠ 180, ಬೆಳಗ್ಗೆ ಎದ್ದಾಗ 60 ಅಂತಿಟ್ಟುಕೊಳ್ಳಿ. ನಡುವಿನ ಅಂತರ 120. ಅದರ ಶೇ. 60 ಅಂದರೆ 72, ಅದಕ್ಕೆ 60 ಸೇರಿಸಿದರೆ 132. ಶೇ. 70ಕ್ಕೆ 144. ಈ 132–144ರ ನಡುವೆ ಪೂರ್ತಿ ವಾಕ್ಯ ಮಾತಾಡಿಕೊಂಡು ಎಳೆಯಲು ಆಗಬೇಕು. ಆಗದಿದ್ದರೆ ಲೆಕ್ಕವನ್ನು ಬದಿಗಿಟ್ಟು ನಿಮ್ಮ ಉಸಿರನ್ನೇ ನಂಬಿ.

ದೀರ್ಘ ಅಭ್ಯಾಸದಲ್ಲಿ ಬಡಿತಕ್ಕೆ ಮೇಲಿನ ಮಿತಿ ಹಾಕಿಕೊಳ್ಳಿ, ವೇಗವನ್ನು ಅದಕ್ಕೆ ಬಿಟ್ಟುಬಿಡಿ. ಒಂದೇ ವೇಗದಲ್ಲಿ ಎಳೆದರೂ ಮೈ ಬಿಸಿಯಾಗಿ, ಬೆವರು ಹರಿದಂತೆ ಬಡಿತ ಮೇಲೆ ಸರಿಯುತ್ತದೆ. ಅದು ಸಹಜ, ಮಾನಿಟರ್‌ನ ದೋಷವಲ್ಲ. ಫ್ಯಾನ್ ಹಾಕಿ, ನೀರು ಕುಡಿಯಿರಿ, ಬೇಕಾದರೆ ವೇಗ ಇಳಿಸಿ. ಒಂದು ನಿಮಿಷಕ್ಕಿಂತ ಚಿಕ್ಕ ಇಂಟರ್ವಲ್‌ಗಳಲ್ಲಿ ಮಾತ್ರ ವಾಟ್ ಅಥವಾ ವೇಗ ನೋಡಿಕೊಂಡು ಎಳೆಯಿರಿ. ಬಡಿತ ಶ್ರಮದ ಹಿಂದೆ ಹಿಂದೆ ಬರುತ್ತದೆ, ಅದು ಮೇಲೆ ಬರುವಷ್ಟರಲ್ಲಿ ಇಂಟರ್ವಲ್ ಮುಗಿದಿರುತ್ತದೆ.

ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಏರುವುದೇ ಕಮ್ಮಿ, ಈ ಸೂತ್ರಗಳು ಅವರಿಗೆ ಹೊಂದುವುದಿಲ್ಲ. ಪೇಸ್‌ಮೇಕರ್ ಇರುವವರು, ಬಡಿತದ ಲಯ ತಪ್ಪುವ ತೊಂದರೆ ಇರುವವರು ಪಟ್ಟಿ ಕೊಳ್ಳುವ ಮೊದಲೇ ವೈದ್ಯರನ್ನು ಕೇಳಿ. ಎದೆನೋವು, ತಲೆಸುತ್ತು ಬಂದರೆ ಪರದೆ ಏನೇ ತೋರಿಸಲಿ, ಎಳೆಯುವುದನ್ನು ನಿಲ್ಲಿಸಿ.

ಹಂತ 8: ಪಟ್ಟಿ ಬಾಳಿಕೆ ಬರಲು

ಪ್ರತಿ ಸಲ ಮುಗಿದ ಮೇಲೆ ಪಾಡ್ ಬಿಚ್ಚಿ. ಒದ್ದೆ ಪಟ್ಟಿಗೆ ಸಿಕ್ಕಿಸಿಯೇ ಇಟ್ಟರೆ ಇನ್ನೂ ಮೈಮೇಲೇ ಇದ್ದೇನೆ ಅಂದುಕೊಂಡು ಅದು ಬ್ಯಾಟರಿ ತಿನ್ನುತ್ತಿರುತ್ತದೆ. ಬಟ್ಟೆಯ ಪಟ್ಟಿಯನ್ನು ಹರಿಯುವ ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ. ಆಗಾಗ ಮೃದು ಸೋಪಿನಲ್ಲಿ ತೊಳೆಯಿರಿ. ಬ್ಲೀಚ್, ಫ್ಯಾಬ್ರಿಕ್ ಸಾಫ್ಟ್‌ನರ್, ಡ್ರೈಯರ್, ಇಸ್ತ್ರಿ ಯಾವುದೂ ಬೇಡ. ಉಪ್ಪು ಕಟ್ಟಿದ ಎಲೆಕ್ಟ್ರೋಡ್ ಸಂಕೇತವನ್ನೂ ಕೆಡಿಸುತ್ತದೆ, ಚರ್ಮವನ್ನೂ ಕೆರಳಿಸುತ್ತದೆ. ತೋಳುಪಟ್ಟಿಯಾದರೆ ಸೆನ್ಸರ್‌ನ ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಚಾರ್ಜ್ ಮಾಡುವ ಮೊದಲು ಸಂಪರ್ಕದ ಬಿಂದುಗಳು ಪೂರ್ತಿ ಒಣಗಿವೆಯಾ ನೋಡಿ.

ಹೊಸ ಬ್ಯಾಟರಿ ಹಾಕಿ, ಎಲೆಕ್ಟ್ರೋಡ್ ಒದ್ದೆ ಮಾಡಿ, ಬಿಗಿ ಸರಿಮಾಡಿದ ಮೇಲೂ ಅಂಕಿ ಕುಣಿಯುತ್ತಿದ್ದರೆ ಬಟ್ಟೆಯ ಪಟ್ಟಿಯ ಆಯುಸ್ಸು ಮುಗಿದಿದೆ. ಅದೊಂದನ್ನೇ ಬದಲಿಸಿ, ಹಂತ 6ರ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.